ಎಕ್ಸೆಲ್‌ನಲ್ಲಿ ಖಾಲಿ ಉಳಿದ ಸಾಲು

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ. ಮಧ್ಯಾಹ್ನ ಊಟ ಮುಗಿಸಿ ಸೋಫಾ ಮೇಲೆ ಬಿದ್ಕೊಂಡಿದ್ದೆ. ಅಕ್ಕ ಬಂದಳು. ಕೈಯಲ್ಲಿ ಯಾವಾಗಲೂ ಇರುತ್ತಿದ್ದ ಹಣ್ಣಿನ ಕವರ್ ಇರಲಿಲ್ಲ. ಬದಲಿಗೆ ಮೂರು ದಪ್ಪ ನೋಟ್‌ಬುಕ್.

"ನೀನು ಆಫೀಸಲ್ಲಿ ದಿನಾ ಅದೇನೋ ಡ್ಯಾಶ್‌ಬೋರ್ಡ್ ಮಾಡ್ತೀನಿ ಅಂತೀಯಲ್ಲ, ನನಗೂ ಒಂದು ಮಾಡ್ಕೊಡು" ಅಂದಳು.

ಅಕ್ಕ ಬೆಂಗಳೂರಿನ ಒಂದು ಖಾಸಗಿ ಶಾಲೆಯ ಪ್ರೈಮರಿ ವಿಭಾಗದಲ್ಲಿ ಕೌನ್ಸೆಲರ್. ಒಂದರಿಂದ ಐದನೇ ಕ್ಲಾಸ್, ಇಪ್ಪತ್ತು ಸೆಕ್ಷನ್, 720 ಮಕ್ಕಳು. ಅಷ್ಟಕ್ಕೂ ಇವಳೊಬ್ಬಳೇ. ಸೈಕಾಲಜಿಯಲ್ಲಿ ಎಂಎಸ್‌ಸಿ ಮಾಡಿ ಈ ಕೆಲಸಕ್ಕೆ ಸೇರಿದಾಗ ನಮ್ಮ ಮನೆಯಲ್ಲಿ ಯಾರಿಗೂ ಅದೇನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮ ಇವತ್ತಿಗೂ ನೆಂಟರ ಹತ್ತಿರ "ಮಕ್ಕಳಿಗೆ ಬುದ್ಧಿ ಹೇಳೋ ಕೆಲಸ" ಅಂತಲೇ ಹೇಳೋದು. ನಿಜ ಹೇಳಬೇಕೆಂದರೆ ನನಗೂ ಅಷ್ಟೇ ಗೊತ್ತಿದ್ದದ್ದು.

ವಿಷಯ ಏನಪ್ಪಾ ಅಂದರೆ, ಶಾಲೆಯ ಮ್ಯಾನೇಜ್‌ಮೆಂಟ್ ಅಕ್ಕನನ್ನು ಕೇಳಿತ್ತು: "ಮೇಡಂ, ವರ್ಷವೆಲ್ಲ ನೀವು ಏನು ಮಾಡಿದ್ರಿ ಅಂತ ನಂಬರ್‌ನಲ್ಲಿ ತೋರಿಸಿ." ತೋರಿಸಲು ಆಗದಿದ್ದರೆ ಅವಳನ್ನು ವಾರಕ್ಕೆ ಎರಡೇ ದಿನ ಇಲ್ಲಿ ಇಟ್ಟುಕೊಂಡು, ಉಳಿದ ಮೂರು ದಿನ ಇನ್ನೊಂದು ಬ್ರಾಂಚ್‌ಗೆ ಕಳಿಸುವ ಯೋಚನೆ ಅವರದ್ದು.

"ಎರಡು ದಿನದಲ್ಲಿ 720 ಮಕ್ಕಳನ್ನ ಏನು ನೋಡ್ಲಿ ಹೇಳು" ಅಂದಳು. ಗಂಟಲು ಕಟ್ಟಿತ್ತು.

"ಇಷ್ಟೇ ತಾನೇ ಅಕ್ಕ, ಒಂದು ಸಂಜೆ ಕೆಲಸ" ಅಂದೆ. ಒಂದು ಸಂಜೆ ಅಂದಿದ್ದು ಒಂಬತ್ತು ತಿಂಗಳಾಯಿತು.

ಮೊದಲನೇ ತಪ್ಪು ಆ ಸಂಜೆಯೇ ಆಯ್ತು. ನನಗೆ ಗೊತ್ತಿರೋದು ಜಿರಾ. ಟಿಕೆಟ್ ಓಪನ್, ಇನ್ ಪ್ರೋಗ್ರೆಸ್, ಕ್ಲೋಸ್ಡ್. ಅದನ್ನೇ ಎಕ್ಸೆಲ್‌ಗೆ ಇಳಿಸಿದೆ. ಮಗುವಿನ ಹೆಸರು, ಕ್ಲಾಸ್, ಸಮಸ್ಯೆ, ಸ್ಟೇಟಸ್, ಕ್ಲೋಸ್ ಆಗೋಕೆ ತಗೊಂಡ ದಿನ. ನೋಡೋಕೆ ಚೆನ್ನಾಗೇ ಇತ್ತು. ಅಕ್ಕ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಎರಡು ನಿಮಿಷ ಸುಮ್ಮನೆ ನೋಡಿದಳು.

"ಮಗು ಏನು ನಿನ್ನ ಬಗ್ಗೇನೋ, ಕ್ಲೋಸ್ ಮಾಡೋಕೆ?"

ಆಮೇಲೆ ಹೆಸರಿನ ಕಾಲಂ ಮೇಲೆ ಬೆರಳಿಟ್ಟು, "ಇದನ್ನ ಮೊದಲು ತೆಗಿ" ಅಂದಳು. ಮಕ್ಕಳು ಹೇಳಿದ ಮಾತು ಅವಳ ನೋಟ್‌ಬುಕ್‌ನಲ್ಲೇ ಇರುತ್ತೆ, ನೋಟ್‌ಬುಕ್ ಬೀಗ ಹಾಕಿದ ಬೀರುವಿನಲ್ಲಿ ಇರುತ್ತೆ. ನನಗೂ ಅದನ್ನು ಮುಟ್ಟಲು ಬಿಡಲಿಲ್ಲ. ಬೇಕಾದ ಲೆಕ್ಕವನ್ನಷ್ಟೇ ತಾನೇ ನೋಡಿ ಹೇಳುತ್ತಿದ್ದಳು. ಶೀಟ್‌ನಲ್ಲಿ ಇರೋದು ಕೋಡ್ ನಂಬರ್ ಮಾತ್ರ. ಯಾವ ನಂಬರ್ ಯಾವ ಮಗು ಅನ್ನೋದು ಅವಳಿಗೊಬ್ಬಳಿಗೇ ಗೊತ್ತು. "ಲಿಂಕ್ ಇದ್ದವರೆಲ್ಲ ನೋಡಬಹುದು" ಅಂತ ನಾನು ಅಭ್ಯಾಸ ಬಲದಿಂದ ಕೊಟ್ಟಿದ್ದ ಶೇರಿಂಗ್ ಕೂಡ ಅವತ್ತೇ ಬಂದ್ ಆಯಿತು.

"ಅಕ್ಕ, ಎಲ್ಲ ಮಾತನ್ನೂ ಗುಟ್ಟಾಗೇ ಇಡ್ತೀಯಾ?" ಅಂತ ಕೇಳಿದೆ.

"ಇಲ್ಲ ಕಣೋ. ಮಗುವಿಗೆ ಯಾರಾದ್ರೂ ಕೆಟ್ಟದಾಗಿ ಮುಟ್ಟಿದ್ದಾರೆ ಅಂತ ಗೊತ್ತಾದ್ರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಅಂಥದ್ದು ಬಂದಾಗ ಎಕ್ಸೆಲ್ ತೆಗೀತಾ ಕೂರಲ್ಲ, ಫೋನ್ ತಗೋತೀನಿ. ಇದನ್ನ ಮಕ್ಕಳಿಗೂ ಮೊದಲೇ ಹೇಳಿರ್ತೀನಿ."

ಇಂಜಿನಿಯರಿಂಗ್ ಓದಿ ಎಂಟು ವರ್ಷ ಕೆಲಸ ಮಾಡಿದ ನನಗೆ ಅಕ್ಕ ಅವತ್ತು ರಿಕ್ವೈರ್‌ಮೆಂಟ್ ಅಂದರೇನು ಅಂತ ಪಾಠ ಮಾಡಿದಳು. "ಸ್ಟೇಟಸ್" ಕಾಲಂ ಹೋಯಿತು. ಅದರ ಜಾಗಕ್ಕೆ "ಮತ್ತೆ ಯಾವಾಗ ಮಾತಾಡಿಸಬೇಕು" ಅನ್ನೋ ತಾರೀಕು ಬಂತು. ಯಾವ ಸಾಲೂ ಕ್ಲೋಸ್ ಆಗೋದಿಲ್ಲ. ಮುಂದಿನ ತಾರೀಕು ಎರಡು ದಿನಕ್ಕೋ ಎರಡು ತಿಂಗಳಿಗೋ ಹೋಗುತ್ತೆ, ಅಷ್ಟೇ.

ಮ್ಯಾನೇಜ್‌ಮೆಂಟ್‌ಗೆ ತೋರಿಸೋಕೆ ಮೊದಲು ಬೇಕಾಗಿದ್ದದ್ದು ಮಕ್ಕಳ ಲೆಕ್ಕ ಅಲ್ಲ, ಅಕ್ಕನ ಟೈಮ್ ಲೆಕ್ಕ. ಈ ದಾರಿ ಅವಳಿಗೆ ಗೊತ್ತಿತ್ತು. ಅಮೆರಿಕದಲ್ಲಿ ಶಾಲಾ ಕೌನ್ಸೆಲರ್‌ಗಳ ಒಂದು ರಾಷ್ಟ್ರೀಯ ಸಂಘ ಇದೆ, 1952ರಲ್ಲಿ ಶುರುವಾದದ್ದು. ಶಾಲೆಯಲ್ಲಿ ಕೌನ್ಸೆಲಿಂಗ್ ಕಾರ್ಯಕ್ರಮವನ್ನು ಹೇಗೆ ಯೋಜಿಸಬೇಕು, ಹೇಗೆ ಅಳೆಯಬೇಕು ಅಂತ 2003ರಲ್ಲಿ ಅವರು ಒಂದು ಮಾದರಿ ಪ್ರಕಟಿಸಿದರು. 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು. ಅವರ ಸಮಯದಲ್ಲಿ ಕನಿಷ್ಠ ಶೇ 80 ಭಾಗ ಮಕ್ಕಳ ಜೊತೆಗೋ, ಮಕ್ಕಳ ಪರವಾಗಿ ಟೀಚರ್–ಪೋಷಕರ ಜೊತೆಗೋ ಕಳೆಯಬೇಕು ಅಂತ ಆ ಸಂಘ ಹೇಳುತ್ತೆ. ನಮ್ಮ ಶಾಲೆಗಳು ಬೇರೆ, ಅವರ ಶಾಲೆಗಳು ಬೇರೆ, ಒಪ್ಪೋಣ. ಆದರೆ ಅಳತೆಗೆ ಒಂದು ಗೆರೆಯಂತೂ ಸಿಕ್ಕಿತು.

ಜುಲೈನಲ್ಲಿ ಎರಡು ವಾರ ಅಕ್ಕ ಪ್ರತಿ ಪಿರಿಯಡ್ ಮುಗಿದ ತಕ್ಷಣ ಫೋನ್‌ನಲ್ಲಿ ಒಂದೇ ಒಂದು ಅಕ್ಷರ ಒತ್ತುತ್ತಿದ್ದಳು. ದಿನಕ್ಕೆ 40 ನಿಮಿಷದ ಎಂಟು ಪಿರಿಯಡ್, ಹತ್ತು ದಿನಕ್ಕೆ 80. ಕೊನೆಗೆ ಕೂಡಿಸಿದೆ. ಮಕ್ಕಳ ಜೊತೆ ಒಬ್ಬೊಬ್ಬರಾಗಿ ಮಾತು 17. ಕ್ಲಾಸ್‌ಗೆ ಹೋಗಿ ತೆಗೆದುಕೊಂಡ ಪಾಠ 8. ಐದಾರು ಮಕ್ಕಳ ಗುಂಪು 4. ಟೀಚರ್, ಪೋಷಕರ ಜೊತೆ ಮಾತು 9. ಒಟ್ಟು 38.

ಉಳಿದ 42 ಎಲ್ಲಿ ಹೋಯಿತು? ರಜೆ ಹಾಕಿದ ಟೀಚರ್ ಬದಲು ಕ್ಲಾಸ್ ನೋಡಿಕೊಳ್ಳೋ ಸಬ್‌ಸ್ಟಿಟ್ಯೂಷನ್ 23. ಐಡಿ ಕಾರ್ಡ್, ಫೋಟೊ, ಫೈಲು, ಪರೀಕ್ಷೆ ಡ್ಯೂಟಿ 14. ಇನ್ನು 5 ಪಿರಿಯಡ್ ಕಾರಿಡಾರ್‌ನಲ್ಲಿ ಅದೂ ಇದೂ.

ಅಂದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಅಕ್ಕ ಕೌನ್ಸೆಲರ್ ಆಗೇ ಇರಲಿಲ್ಲ. ಅವಳಿಗೂ ಇದು ಹೊಸ ಸುದ್ದಿ. "ಸಂಜೆ ಸುಸ್ತಾಗಿರ್ತಿತ್ತು, ಆದ್ರೆ ಏನು ಮಾಡಿದೆ ಅಂತ ನೆನಪೇ ಆಗ್ತಿರ್ಲಿಲ್ಲ. ಇದಕ್ಕೇ ನೋಡು" ಅಂದಳು. ಒಂದು ಹಾಳೆಯ ಆ ಲೆಕ್ಕ ನೋಡಿ ಪ್ರಿನ್ಸಿಪಾಲ್ ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ದಸರಾ ರಜೆ ಆದ ಮೇಲೆ ಟೈಮ್‌ಟೇಬಲ್ ಬದಲಾಯಿಸ್ತೀವಲ್ಲ, ಆವಾಗ ನೋಡೋಣ" ಅಂದರಂತೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ನಿಲ್ಲಿಸಲಿಲ್ಲ.

ಆಗಸ್ಟ್ ಕೊನೆಗೆ ಒಂದು ಡ್ಯಾಶ್‌ಬೋರ್ಡ್ ಮಾಡಿದೆ. ಯಾವ ಸೆಕ್ಷನ್‌ನಿಂದ ಎಷ್ಟು ಮಕ್ಕಳು ಕೌನ್ಸೆಲರ್ ಹತ್ತಿರ ಬಂದರು ಅಂತ ಕೆಂಪು, ಹಳದಿ, ಹಸಿರು ಬಣ್ಣ. ಜಾಸ್ತಿ ಇದ್ದರೆ ಕೆಂಪು. ನಮ್ಮ ಆಫೀಸಲ್ಲಿ ಎಲ್ಲದಕ್ಕೂ ಹಾಗೇ ಮಾಡೋದು, ಕೈ ತಾನಾಗೇ ಹೋಯಿತು. ಅಕ್ಕನಿಗೂ ಅವತ್ತು ಅದರ ಅಪಾಯ ಹೊಳೆಯಲಿಲ್ಲ. ತಿಂಗಳ ರಿಪೋರ್ಟ್ ಜೊತೆ ಕಳಿಸಿದಳು.

ಸ್ಟಾಫ್ ಮೀಟಿಂಗ್‌ನಲ್ಲಿ ಯಾರೋ ಅದನ್ನು ಪರದೆ ಮೇಲೆ ಹಾಕಿದರು. ಎರಡನೇ ಕ್ಲಾಸಿನ ಒಂದು ಸೆಕ್ಷನ್ ಕಡುಗೆಂಪು. "ನಿಮ್ಮ ಕ್ಲಾಸಲ್ಲೇ ಯಾಕೆ ಇಷ್ಟೊಂದು ಪ್ರಾಬ್ಲಂ?" ಅಂತ ಆ ಟೀಚರನ್ನು ಎಲ್ಲರ ಮುಂದೆ ಕೇಳಿದರು.

ನಿಜಕ್ಕೂ ಆ ಟೀಚರೇ ಇಡೀ ಶಾಲೆಯಲ್ಲಿ ಮಕ್ಕಳ ಮುಖ ನೋಡಿ ಗುರುತು ಹಿಡಿಯುತ್ತಿದ್ದವರು. ಯಾವ ಹುಡುಗ ಸೋಮವಾರ ಮಾತ್ರ ಹೊಟ್ಟೆನೋವು ಅಂತಾನೆ, ಯಾವ ಹುಡುಗಿ ಡಬ್ಬಿ ಮುಟ್ಟದೆ ವಾಪಸ್ ಒಯ್ಯುತ್ತಾಳೆ ಅಂತ ಗಮನಿಸಿ ಅಕ್ಕನ ಹತ್ತಿರ ಕಳಿಸುತ್ತಿದ್ದರು. ಅವರಿಗೆ ಸಿಕ್ಕ ಬಹುಮಾನ ಕೆಂಪು ಬಣ್ಣ.

ಜುಲೈನಲ್ಲಿ ಅಕ್ಕನ ಹತ್ತಿರ ಬಂದ ಮಕ್ಕಳು 26. ಆಗಸ್ಟ್‌ನಲ್ಲಿ 24. ಸೆಪ್ಟೆಂಬರ್‌ನಲ್ಲಿ 7.

ಮ್ಯಾನೇಜ್‌ಮೆಂಟ್‌ನಲ್ಲಿ ಒಬ್ಬರು ಖುಷಿಯಾಗಿ, "ನೋಡಿ, ಪ್ರೋಗ್ರಾಂ ವರ್ಕ್ ಆಗ್ತಿದೆ, ಸಮಸ್ಯೆ ಕಮ್ಮಿ ಆಗಿದೆ" ಅಂದರಂತೆ. ಅಕ್ಕ ಅವತ್ತು ರಾತ್ರಿ ಫೋನ್ ಮಾಡಿದಳು. ಬೈಯಲಿಲ್ಲ. "ಗ್ರಾಫ್ ಇಳೀತು ಕಣೋ. ಆ ಹುಡುಗನ ಹೊಟ್ಟೆನೋವು ಇಳಿದಿಲ್ಲ. ಅವನನ್ನ ಕಳಿಸೋದನ್ನ ನಿಲ್ಲಿಸಿದ್ದಾರೆ, ಅಷ್ಟೆ" ಅಂದಳು.

ಬೈದಿದ್ದರೆ ಪರವಾಗಿರಲಿಲ್ಲ ಅನ್ನಿಸಿತು. ನನ್ನ ಕೆಲಸದಲ್ಲಿ ತಪ್ಪಾದರೆ ಒಂದು ಪೇಜ್ ಲೋಡ್ ಆಗೋದಿಲ್ಲ, ಹಳೇ ವರ್ಷನ್‌ಗೆ ವಾಪಸ್ ಹೋಗ್ತೀವಿ. ಇಲ್ಲಿ ಒಂದು ತಿಂಗಳ ಕಾಲ ಎಷ್ಟೋ ಮಕ್ಕಳ ಪಾಲಿಗೆ ಒಂದು ಬಾಗಿಲು ಮುಚ್ಚಿಹೋಗಿತ್ತು. ಮುಚ್ಚಿದ್ದು ನನ್ನ ಮೂರು ಬಣ್ಣ.

ಅಕ್ಟೋಬರ್‌ನಲ್ಲಿ, ದಸರಾ ರಜೆ ಮುಗಿದ ವಾರ, ಆ ಟೀಚರ್ ಹತ್ತಿರ ಅಕ್ಕ ಖುದ್ದಾಗಿ ಹೋಗಿ ಕ್ಷಮೆ ಕೇಳಿದಳು. ನಾನೂ ಒಂದು ಚೀಟಿ ಬರೆದು ಕೊಟ್ಟೆ: "ಮೇಡಂ, ಆ ಬಣ್ಣ ಹಾಕಿದ್ದು ನಾನು. ನಿಮ್ಮ ಕ್ಲಾಸ್‌ಗೆ ನಿಜವಾಗಿ ಹಸಿರು ಹಾಕಬೇಕಿತ್ತು." ಸೆಕ್ಷನ್‌ವಾರು ಲೆಕ್ಕ ಶೀಟ್‌ನಿಂದ ಪೂರ್ತಿ ತೆಗೆದೆವು. ಇನ್ನು ಮುಂದೆ ತಿಂಗಳ ರಿಪೋರ್ಟ್‌ನಲ್ಲಿ ಮಕ್ಕಳ ಸಂಖ್ಯೆ ಏರಿದರೆ ಅದು ಕೆಟ್ಟ ಸುದ್ದಿ ಅಲ್ಲ ಅಂತ ಅಕ್ಕ ಪ್ರಿನ್ಸಿಪಾಲ್‌ಗೆ ಬಿಡಿಸಿ ಹೇಳಿದಳು.

ಆಮೇಲೆ ಇಬ್ಬರೂ ಕೂತು ಜುಲೈ–ಆಗಸ್ಟ್‌ನ 50 ಸಾಲುಗಳನ್ನು ಮತ್ತೆ ಓದಿದೆವು. "ಕಳಿಸಿದವರು ಯಾರು" ಅಂತ ಒಂದು ಕಾಲಂ ಇತ್ತು. ಟೀಚರ್ 41, ಪೋಷಕರು 7, ತಾವಾಗೇ ಬಂದ ಮಕ್ಕಳು 2. ನಾಲ್ಕರಲ್ಲಿ ಮೂರು ಭಾಗ ಗಂಡು ಮಕ್ಕಳು. ಕಾರಣ ಹೆಚ್ಚಾಗಿ ಗಲಾಟೆ, ಹೊಡೆದಾಟ, ಕೂತಲ್ಲಿ ಕೂರದಿರೋದು.

"ಅಕ್ಕ, ಇಷ್ಟು ಮಕ್ಕಳಲ್ಲಿ ಗಲಾಟೆ ಮಾಡೋರಿಗೆ ಮಾತ್ರ ಕಷ್ಟ ಇರುತ್ತಾ?"

"ಸದ್ದು ಮಾಡಿದ ಮಗು ಕಣ್ಣಿಗೆ ಬೀಳುತ್ತೆ. ಸುಮ್ಮನಿರೋ ಮಗು ನಿನ್ನ ಶೀಟ್‌ನಲ್ಲಿ ಎಲ್ಲಿದೆ, ತೋರ್ಸು" ಅಂದಳು.

ಇರಲಿಲ್ಲ. ಬಂದ ಮಕ್ಕಳಿಗೆ ಮಾತ್ರ ಸಾಲಿತ್ತು. ಬಾರದ ಮಗುವಿಗೆ ಸಾಲೇ ಇಲ್ಲ.

ಅವತ್ತು ರಾತ್ರಿ ಶೀಟ್ ಅನ್ನು ತಲೆಕೆಳಗು ಮಾಡಿದೆ. ಮೊದಲೇ 720 ಸಾಲು ಹಾಕಿಟ್ಟೆ, ಪ್ರತಿ ಮಗುವಿಗೆ ಒಂದು ಕೋಡ್. ಯಾರನ್ನು ಮಾತಾಡಿಸಿದ್ದಾಳೋ ಅವರು ಕೆಳಗೆ ಹೋಗುತ್ತಾರೆ. ಯಾರನ್ನೂ ಮಾತಾಡಿಸಿಲ್ಲವೋ, ಆ ಖಾಲಿ ಸಾಲುಗಳು ಮೇಲಕ್ಕೆ ಬರುತ್ತವೆ.

ಪ್ರೈಮರಿ ಶಾಲೆಯ ಕೌನ್ಸೆಲರ್‌ಗಳು ಬಳಸುವ ಒಂದು ಸರಳ ಉಪಾಯ ಇದೆ. ಪ್ರತಿ ಮಗುವನ್ನೂ, ಸಮಸ್ಯೆ ಇರಲಿ ಬಿಡಲಿ, ವರ್ಷಕ್ಕೆ ಒಮ್ಮೆಯಾದರೂ ಕೆಲವೇ ನಿಮಿಷ ಒಂಟಿಯಾಗಿ ಮಾತಾಡಿಸೋದು. ಅಕ್ಕನಿಗೆ ಇದನ್ನು ಮಾಡಬೇಕು ಅಂತ ಮೂರು ವರ್ಷದಿಂದ ಆಸೆ. ಟೈಮ್ ಎಲ್ಲಿ? ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಐದು ನಿಮಿಷದಂತೆ 720 ಮಕ್ಕಳಿಗೆ 3600 ನಿಮಿಷ. ಅಂದರೆ 90 ಪಿರಿಯಡ್. ವಾರಕ್ಕೆ ಆರು ಪಿರಿಯಡ್ ಸಿಕ್ಕಿದರೆ ಹದಿನೈದು ವಾರ.

ಆ ಆರು ಪಿರಿಯಡ್ ಎಲ್ಲಿಂದ ತರೋದು ಅನ್ನೋದಕ್ಕೆ ಜುಲೈ ಲೆಕ್ಕವೇ ಇತ್ತಲ್ಲ. ವಾರಕ್ಕೆ ಹನ್ನೊಂದು–ಹನ್ನೆರಡು ಸಬ್‌ಸ್ಟಿಟ್ಯೂಷನ್ ಇದ್ದದ್ದನ್ನು ಐದಕ್ಕೆ ಇಳಿಸಲು ಪ್ರಿನ್ಸಿಪಾಲ್ ಮೇಡಂ ಒಪ್ಪಿದರು. ಇಡೀ ವರ್ಷದಲ್ಲಿ ನನ್ನ ಎಕ್ಸೆಲ್ ಮಾಡಿದ ಒಳ್ಳೆ ಕೆಲಸ ಯಾವುದು ಅಂತ ಕೇಳಿದರೆ ಇದನ್ನೇ ಹೇಳ್ತೀನಿ: ವಾರಕ್ಕೆ ಆರು ಪಿರಿಯಡ್ ವಾಪಸ್ ತಂದಿದ್ದು.

ನವೆಂಬರ್ ಮಧ್ಯದಲ್ಲಿ ಶುರುವಾಯಿತು. ಮೂರೇ ಪ್ರಶ್ನೆ. ಸ್ಕೂಲಲ್ಲಿ ನಿನಗೆ ಇಷ್ಟವಾದ ಜಾಗ ಯಾವುದು? ಊಟ ಯಾರ ಜೊತೆ ಮಾಡ್ತೀಯ? ಬೇಜಾರಾದ್ರೆ ಇಲ್ಲಿ ಯಾರ ಹತ್ತಿರ ಹೇಳ್ತೀಯ?

ಇಷ್ಟವಾದ ಜಾಗಕ್ಕೆ ಹೆಚ್ಚಿನ ಮಕ್ಕಳ ಉತ್ತರ ಆಟದ ಮೈದಾನ. ಒಂದನೇ ಕ್ಲಾಸಿನ ಒಬ್ಬ "ನೀರಿನ ಟ್ಯಾಂಕ್ ಹಿಂದೆ, ಅಲ್ಲಿ ಬೆಕ್ಕು ಮರಿ ಹಾಕಿದೆ, ಯಾರಿಗೂ ಹೇಳ್ಬೇಡಿ ಮಿಸ್" ಅಂದನಂತೆ. ಈ ಗುಟ್ಟನ್ನು ನನಗೆ ಹೇಳಲು ಅಕ್ಕ ಅವನ ಅನುಮತಿ ತೆಗೆದುಕೊಂಡಿದ್ದಾಳೆ.

ಶಿವರಾತ್ರಿ ಕಳೆದು ಫೆಬ್ರವರಿ ಮುಗಿಯೋ ಹೊತ್ತಿಗೆ ಬಹುತೇಕ ಎಲ್ಲರನ್ನೂ ಮಾತಾಡಿಸಿ ಆಗಿತ್ತು. ಮೂರನೇ ಪ್ರಶ್ನೆಗೆ "ಯಾರೂ ಇಲ್ಲ" ಅಂದವರು 58 ಮಕ್ಕಳು. ಅವರಲ್ಲಿ ಮೊದಲೇ ಅಕ್ಕನ ಪಟ್ಟಿಯಲ್ಲಿ ಇದ್ದವರು 9 ಜನ. ಉಳಿದ 49 ಮಕ್ಕಳನ್ನು ಯಾರೂ ಯಾವತ್ತೂ ಅವಳ ಹತ್ತಿರ ಕಳಿಸಿರಲಿಲ್ಲ. ಯಾಕೆಂದರೆ ಅವರಿಂದ ಯಾರಿಗೂ ತೊಂದರೆ ಇರಲಿಲ್ಲ.

ಅವರಲ್ಲಿ ಮೂರನೇ ಕ್ಲಾಸಿನ ಒಂದು ಹುಡುಗಿ. ಮಾರ್ಕ್ಸ್ ಚೆನ್ನಾಗಿದೆ, ಹೋಂವರ್ಕ್ ತಪ್ಪಲ್ಲ, ಹೇಳಿದ ಮಾತು ಕೇಳ್ತಾಳೆ. ಇಷ್ಟವಾದ ಜಾಗ ಯಾವುದು ಅಂದರೆ "ಬಸ್ಸು" ಅಂದಳಂತೆ. ಯಾಕಮ್ಮ ಅಂದರೆ, "ಬಸ್ಸಲ್ಲಿ ಕಿಟಕಿ ಕಡೆ ನೋಡ್ತಾ ಇದ್ರೆ ಯಾರೂ ಏನೂ ಕೇಳಲ್ಲ." ಊಟ ಯಾರ ಜೊತೆ? "ಒಬ್ಳೇ." ಮೂರನೇ ಪ್ರಶ್ನೆಗೆ ಉತ್ತರವೇ ಬರಲಿಲ್ಲ, ಕಣ್ಣೀರು ಬಂತು. ಅವಳ ಕಷ್ಟ ಏನು ಅಂತ ಅಕ್ಕ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆದರೆ ಆ ಬಸ್ಸಿನ ಕಿಟಕಿ ನನ್ನನ್ನು ಬಿಡಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಹುಷಾರು ತಪ್ಪಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಅಮ್ಮ ಅಪ್ಪನ ಜೊತೆ. ಅಕ್ಕ ಏಳನೇ ಕ್ಲಾಸ್, ಅವಳು ಚಿಕ್ಕಮ್ಮನ ಮನೆಗೆ ಹೋದಳು. ನನ್ನನ್ನು ತಿಪಟೂರು ತಾಲ್ಲೂಕಿನ ಅಜ್ಜಿ ಊರಿಗೆ ಕಳಿಸಿದರು. ವರ್ಷದ ನಡುವೆ ಹೊಸ ಶಾಲೆ. ಅಪ್ಪ ವಾಪಸ್ ಬರ್ತಾರೋ ಇಲ್ಲವೋ ಅಂತ ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಏನಾದರೂ ಆಗಿಬಿಡುತ್ತೆ ಅಂತ ಭಯ. ಎಂಟು ತಿಂಗಳು ನಾನು ಶಾಲೆಯಲ್ಲಿ "ಹಾಜರ್ ಸಾರ್" ಬಿಟ್ಟು ಹೆಚ್ಚೇನೂ ಮಾತಾಡಿದ ನೆನಪಿಲ್ಲ. ಅಜ್ಜಿ ಒಮ್ಮೆ ಶಾಲೆಗೆ ಬಂದಾಗ ಮೇಷ್ಟ್ರು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ: "ಬಂಗಾರದಂಥ ಹುಡುಗ ಅಜ್ಜಿ. ಕ್ಲಾಸಲ್ಲಿ ಇದ್ದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಅಜ್ಜಿಗೆ ತುಂಬಾ ಹೆಮ್ಮೆಯಾಗಿತ್ತು.

ಅಪ್ಪ ಹುಷಾರಾಗಿ ಬಂದರು, ಎಲ್ಲ ಸರಿಹೋಯಿತು. ಇದನ್ನೆಲ್ಲ ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಅವತ್ತು ಲ್ಯಾಪ್‌ಟಾಪ್ ಮುಂದೆ ಅಕ್ಕನಿಗೆ ಹೇಳಿದೆ. ಅವಳು ಸ್ಕ್ರೀನ್ ನೋಡ್ತಾನೇ ಇದ್ದಳು. ಆಮೇಲೆ ಮೆಲ್ಲಗೆ, "ನಿನ್ನ ಸಾಲೂ ಖಾಲಿ ಇರ್ತಿತ್ತು ಕಣೋ. ನಂದೂ" ಅಂದಳು.

ಅಕ್ಕ ಯಾಕೆ ಈ ಕೆಲಸ ಹಿಡಿದಳು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅವತ್ತು ಕೇಳೋ ಅಗತ್ಯ ಬೀಳಲಿಲ್ಲ.

ಈಗ ಹೊಸ ವರ್ಷದ ಪ್ಲಾನ್ ಅವಳ ರೂಮಿನ ಗೋಡೆ ಮೇಲಿದೆ. ಜೂನ್‌ನಲ್ಲಿ ಒಂದನೇ ಕ್ಲಾಸಿನ ಅಳುವ ಮಕ್ಕಳು, ಜುಲೈ–ಆಗಸ್ಟ್‌ನಲ್ಲಿ ಸ್ನೇಹ ಮತ್ತು ಜಗಳದ ಪಾಠ, ಪರೀಕ್ಷೆಗೆ ಮೊದಲು ಭಯದ ಬಗ್ಗೆ ಮಾತು, ಮಾರ್ಚ್‌ನಲ್ಲಿ ಐದನೇ ಕ್ಲಾಸ್ ಮುಗಿಸಿ ಹೋಗೋರಿಗೆ ಬೀಳ್ಕೊಡುಗೆ. ಎಲ್ಲ ಮಕ್ಕಳಿಗೂ ಕ್ಲಾಸ್ ಪಾಠ, ಕೆಲವರಿಗೆ ಗುಂಪು, ಇನ್ನೂ ಕೆಲವರಿಗೆ ಒಬ್ಬೊಬ್ಬರಾಗಿ ಮಾತು. ಗುಂಪಿನ ಫಲ ಅಳೆಯೋದು "ಎಷ್ಟು ಜನ ಬಂದ್ರು" ಅಂತಲ್ಲ, "ಏನು ಬದಲಾಯ್ತು" ಅಂತ. ಬೇಗ ಸಿಟ್ಟಾಗುವ ಆರು ಹುಡುಗರ ಗುಂಪೊಂದಿತ್ತು. ಮೊದಲಿನ ನಾಲ್ಕು ವಾರದಲ್ಲಿ ಅವರನ್ನು ಕ್ಲಾಸಿಂದ ಹೊರಗೆ ಕಳಿಸಿದ್ದು 19 ಸಲ, ಗುಂಪು ಮುಗಿದ ಮೇಲಿನ ನಾಲ್ಕು ವಾರದಲ್ಲಿ 11 ಸಲ. ಒಬ್ಬ ಹುಡುಗನಲ್ಲಿ ಏನೂ ಬದಲಾಗಲಿಲ್ಲ. ಅದನ್ನೂ ರಿಪೋರ್ಟ್‌ನಲ್ಲಿ ಹಾಗೇ ಬರೆದಿದ್ದಾಳೆ. ಎರಡು ದಿನದ ಯೋಚನೆಯನ್ನು ಮ್ಯಾನೇಜ್‌ಮೆಂಟ್ ಈ ವರ್ಷದ ಮಟ್ಟಿಗೆ ಕೈಬಿಟ್ಟಿದೆ. ಮುಂದಿನ ವರ್ಷದ್ದು ಮುಂದಿನ ವರ್ಷ.

ರೂಮಿನ ಹೊರಗೆ ಒಂದು ಡಬ್ಬಿ ಇಟ್ಟಿದ್ದಾಳೆ. ಬರೆಯೋಕೆ ಬಾರದ ಮಕ್ಕಳು ಅಳುವ ಮುಖವೋ ನಗುವ ಮುಖವೋ ಬರೆದು, ತಮ್ಮ ಕ್ಲಾಸ್ ಮತ್ತು ರೋಲ್ ನಂಬರ್ ಹಾಕಿದರೂ ಸಾಕು. ಆ ಎರಡನೇ ಕ್ಲಾಸಿನ ಟೀಚರ್ ಮತ್ತೆ ಮಕ್ಕಳನ್ನು ಕಳಿಸೋಕೆ ಶುರು ಮಾಡಿದ್ದಾರೆ. ಮೂರನೇ ಕ್ಲಾಸಿನ ಆ ಹುಡುಗಿ ಈಗ ಇಬ್ಬರ ಜೊತೆ ಊಟಕ್ಕೆ ಕೂರುತ್ತಾಳಂತೆ. ಅವಳ ಸಾಲಿನಲ್ಲಿ ಮುಂದಿನ ತಾರೀಕು ಇನ್ನೂ ಹತ್ತಿರದಲ್ಲೇ ಇದೆ.

ನಿಮ್ಮ ಮಗುವಿನ ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ, ಮುಂದಿನ ಸಲ ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ಮಾರ್ಕ್ಸ್ ಜೊತೆಗೆ ಇದನ್ನೂ ಕೇಳಿ: ಅವರಿಗೆ ಮಕ್ಕಳನ್ನು ಮಾತಾಡಿಸೋಕೆ ವಾರಕ್ಕೆ ಎಷ್ಟು ಪಿರಿಯಡ್ ಸಿಗುತ್ತೆ? ಕೌನ್ಸೆಲರ್ ಇಲ್ಲದಿದ್ದರೂ ಮೂರನೇ ಪ್ರಶ್ನೆಯನ್ನು ಇವತ್ತು ಸಂಜೆ ನೀವೇ ಕೇಳಬಹುದು. ಬೇಜಾರಾದ್ರೆ ಸ್ಕೂಲಲ್ಲಿ ಯಾರ ಹತ್ತಿರ ಹೇಳ್ತೀಯ ಪುಟ್ಟಾ?

ಕೇಳುವಾಗ ಫೋನ್ ಕೆಳಗಿಡಿ. ಉತ್ತರ ತಕ್ಷಣ ಬರದಿದ್ದರೆ, ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.